ಗೊತ್ತಿದ್ದರೆ ಏನಾದರೂ ಮಾಡುತ್ತಿದ್ದೆವು

ನಮ್ಮ ನಾಡಿನ ಗೃಹಿಣಿಯರ ಬಾಯಲ್ಲಿ ಅನಾದಿಯಿಂದ ಬಳಕೆಯಲ್ಲಿದ್ದು ಇಂದಿಗೂ ಸವೆಯದೆ ಉಳಿದುಬಂದಿರುವ ಒಂದು ವಾಕ್ಯವುಂಟು. ಹೊತ್ತಲ್ಲದ ಹೊತ್ತಿನಲ್ಲಿ ಬಾಗಿಲಿಗೆ ಬಂದು ನಿಂತ ನೆಂಟನನ್ನೋ, ನೆಂಟನ ಸ್ನೇಹಿತನನ್ನೋ ಒಳಗೆ ಕರೆದು, ಕಾಲು ತೊಳೆಯಲು ನೀರು ಕೊಟ್ಟು, ಮಣೆ ಹಾಕಿ ಕೂರಿಸಿ, ಒಲೆಯ ಮೇಲಿದ್ದುದನ್ನೆಲ್ಲ ಅವನ ಎಲೆಗೆ ಬಡಿಸಿ, ಅವನು ಎರಡನೆಯ ಸಲ ಸಾರು ಹಾಕಿಸಿಕೊಳ್ಳುವ ಗಳಿಗೆಯನ್ನೇ ಕಾದುಕೊಂಡಿದ್ದು, ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಅವರು ಹೇಳುತ್ತಾರೆ: “ನೀವು ಬರೋದು ಗೊತ್ತಿದ್ದಿದ್ರೆ ಏನಾದ್ರೂ ಮಾಡ್ತಿದ್ವಿ.” ಕೇಳಿದವನು “ಅಯ್ಯೋ, ಇದಕ್ಕಿಂತ ಇನ್ನೇನು ಬೇಕು ತಾಯಿ” ಎಂದು ಉಪಚಾರಕ್ಕೆ ನುಡಿಯಬೇಕೆಂಬುದು ಸಂಪ್ರದಾಯ. ನಾನೂ ನುಡಿಯುತ್ತೇನೆ, ಆದರೆ ನನ್ನ ಮಾತಿನಲ್ಲಿ ಉಪಚಾರದ ಲವಲೇಶವೂ ಇರುವುದಿಲ್ಲ. ನಾನು ಬರುವ ಸಂಗತಿ ಈ ಮನೆಯವರಿಗೆ ಮುಂಚಿತವಾಗಿ ತಿಳಿಯದೆ ಹೋದದ್ದು ನನ್ನ ಪೂರ್ವಜನ್ಮದ ಸುಕೃತವೆಂದೇ ಆ ಕ್ಷಣದಲ್ಲಿ ನನ್ನ ದೃಢವಾದ ನಂಬಿಕೆ.

ಏಕೆಂದರೆ ಆ “ಏನಾದರೂ” ಎಂಬುದು ಎಂಥದೆಂದು ನಾನು ಬಲ್ಲೆ. ಬೀದರಿನಿಂದ ಚಾಮರಾಜನಗರದವರೆಗೆ ಅದರ ರೂಪ ಈಗ ಹೆಚ್ಚುಕಡಮೆ ಒಂದೇ. ಹುಡುಗನನ್ನು ಪೇಟೆಗೆ ಓಡಿಸಿ ತರಿಸಿದ ಹೂಕೋಸು, ಬಟಾಣಿ ಹಾಕಿದ ಪಲಾವು, ಎಣ್ಣೆಯಲ್ಲಿ ಉಬ್ಬಿದ ಪೂರಿ, ಪೊಟ್ಟಣದ ಶ್ಯಾವಿಗೆಯ ಪಾಯಸ, ಅದರ ಮೇಲೆ ಎಣಿಸಿ ತೇಲಬಿಟ್ಟ ಗೋಡಂಬಿ. ಅತಿಥಿಯನ್ನು ಗೌರವಿಸುವುದೆಂದರೆ ತಮ್ಮ ಹಿತ್ತಲಿನಲ್ಲಿ ಬೆಳೆದುದನ್ನು ಅವನ ಕಣ್ಣಿಗೆ ಬೀಳದಂತೆ ಮರೆಮಾಡುವುದು ಎಂಬ ತತ್ತ್ವವನ್ನು ನಮ್ಮ ಜನರಿಗೆ ಯಾವ ಗುರು ಉಪದೇಶಿಸಿದನೋ ತಿಳಿಯದು. ಕೆಂಪು ಧೂಳಿನ ಹಾದಿಯಲ್ಲಿ ಬಸ್ಸಿನ ಕಿಟಕಿಯ ಸರಳಿಗೆ ಹಣೆ ಬಡಿಸಿಕೊಳ್ಳುತ್ತ ಅರ್ಧ ದಿನ ಪ್ರಯಾಣ ಮಾಡಿದವನು, ಕೊನೆಗೆ ತಾನು ಹೊರಟ ಬೀದಿಯ ಮೂಲೆಯ ಹೋಟೆಲಿನಲ್ಲಿ ದೊರೆಯುತ್ತಿದ್ದುದನ್ನೇ, ಅದಕ್ಕಿಂತ ಸ್ವಲ್ಪ ಹೆಚ್ಚು ಎಣ್ಣೆಯೊಡನೆ, ಬೇಡವೆಂದರೂ ಬಿಡದ ಪ್ರೀತಿಯ ಒತ್ತಾಯಕ್ಕೆ ಸಿಕ್ಕಿ ಉಣ್ಣಬೇಕಾಗುತ್ತದೆ. ಅತ್ತ ಒಳಮನೆಯಲ್ಲಿ, ಮನೆಯವರಿಗೆಂದು ಮಾಡಿದ ಯಾವುದೋ ಕಾಳಿನ ಸಾರು ಕುದಿಯುತ್ತಿರುವ ಸದ್ದು ಅವನ ಕಿವಿಗೆ ಬೀಳುತ್ತಿರುತ್ತದೆ.

ಇಷ್ಟು ಹೇಳಿದ ಮಾತ್ರಕ್ಕೆ ನಾನು ದೇಶ ಸುತ್ತಿದ ಮಹಾಪ್ರವಾಸಿಯೆಂದು ಯಾರೂ ಭ್ರಮಿಸಬಾರದು. ಕಾಶಿಯನ್ನು ಕಂಡವನಲ್ಲ, ಹಿಮಾಲಯವನ್ನು ಪಟದಲ್ಲಿ ಮಾತ್ರ ಬಲ್ಲೆ. ಶಾಲೆಯ ಮೇಷ್ಟರುಗಳ ಪಾಲಿಗೆ ವಿಧಿಯೂ ಸರ್ಕಾರವೂ ಸೇರಿ ಒದಗಿಸಿಕೊಡುವ ಪ್ರಯಾಣಗಳಾದ ಪರೀಕ್ಷೆಯ ಮೇಲ್ವಿಚಾರಣೆ, ಜನಗಣತಿ, ಚುನಾವಣೆ, ಹಳೆಯ ಶಿಷ್ಯರ ಮದುವೆ ಇವುಗಳಲ್ಲಿಯೇ ನನ್ನ ದಿಗ್ವಿಜಯಯಾತ್ರೆಗಳೆಲ್ಲ ಮುಗಿದಿವೆ. ಅಂಥ ಯಾತ್ರೆಗಳಲ್ಲಿಯೂ ಒಂದು ದಿನಚರಿ ಇಡಬೇಕೆಂಬ ಚಪಲ ತಾರುಣ್ಯದಲ್ಲಿ ಇತ್ತು. ಈಚೆಗೆ ಆ ಪುಸ್ತಕವನ್ನು ತೆಗೆದು ನೋಡಿದಾಗ, ಹಳೇಬೀಡಿನ ಶಿಲ್ಪಸೌಂದರ್ಯವನ್ನು ಎರಡು ಸಾಲಿನಲ್ಲಿ ಪೂರೈಸಿ, ಆ ಮಧ್ಯಾಹ್ನ ಗುಡಿಯ ಸಮೀಪದ ಮನೆಯೊಂದರಲ್ಲಿ ಉಂಡ ಹುರುಳಿಕಾಳಿನ ಬಸ್ಸಾರಿಗೆ ಎರಡು ಪುಟಗಳನ್ನು ಮೀಸಲಿಟ್ಟಿದ್ದುದು ಕಂಡುಬಂತು. ಹೊಯ್ಸಳರ ಆತ್ಮಗಳು ಕ್ಷಮಿಸಲಿ. ಕಲ್ಲು ಎಂಟುನೂರು ವರ್ಷ ಇದ್ದುದು ಇನ್ನೂ ಇರುತ್ತದೆ; ಸಾರಿನ ವಿಷಯದಲ್ಲಿ ಆ ಭರವಸೆಯನ್ನು ಯಾರು ಕೊಡಬಲ್ಲರು?

ಆ ದಿನಚರಿಯಲ್ಲಿ ಅತ್ಯಂತ ಹೆಚ್ಚು ಎಣ್ಣೆಯ ಕಲೆಗಳಿರುವ ಪುಟಗಳು ಸರ್ಜಾಪುರಕ್ಕೆ ಸಂಬಂಧಿಸಿದವು. ಬೆಂಗಳೂರಿನಿಂದ ಅಲ್ಲಿಗೆ ಹೋಗುವುದು ಆಗ ನಿಜವಾಗಿಯೂ ಪ್ರಯಾಣವೇ ಆಗಿತ್ತು. ಕೋರಮಂಗಲ ದಾಟಿದೊಡನೆ ನಗರ ಮುಗಿಯುತ್ತಿತ್ತು. ಅಗರದ ಕೆರೆ, ಇಬ್ಬಲೂರಿನ ಕೆರೆ, ಕೈಕೊಂಡ್ರಹಳ್ಳಿಯ ಕೆರೆ ಎಂದು ಒಂದಾದ ಮೇಲೊಂದರ ಏರಿಯನ್ನು ಬಳಸುತ್ತ, ದೊಡ್ಡಕನ್ನೆಲ್ಲಿ, ಕೊಡತಿ, ದೊಮ್ಮಸಂದ್ರಗಳಲ್ಲಿ ತರಕಾರಿಯ ಮಂಕರಿಗಳನ್ನು ಏರಿಸುತ್ತ ಇಳಿಸುತ್ತ, ಬಸ್ಸು ತನಗೆ ತೋರಿದ ಹೊತ್ತಿಗೆ ಊರು ಸೇರುತ್ತಿತ್ತು. ಬ್ರಿಟಿಷರ ಕಾಲದ ಗೆಜೆಟಿಯರಿನಲ್ಲಿ ಈ ಊರಿಗೆ ಒಂದು ಸಣ್ಣ ಟಿಪ್ಪಣಿಯುಂಟು. ಮೊಗಲರು ಕೊಟ್ಟ ಜಹಗೀರಿಗೆ ಇದು ಮುಖ್ಯಸ್ಥಳವಾಗಿತ್ತೆಂದೂ, ನವಿರಾದ ಮಸ್ಲಿನ್ ಬಟ್ಟೆಯ ನೇಯ್ಗೆಗೆ ಹಿಂದೊಮ್ಮೆ ಹೆಸರಾಗಿತ್ತೆಂದೂ ಅದು ತಿಳಿಸುತ್ತದೆ. ಅಡುಗೆಯ ವಿಚಾರದಲ್ಲಿ ಮಾತ್ರ ಮೌನ. ಆ ದೊರೆಗಳು ಬರುವ ಸಂಗತಿ ಊರಿನವರಿಗೆ ಯಾವಾಗಲೂ ಮುಂಚಿತವಾಗಿ ಗೊತ್ತಿರುತ್ತಿತ್ತಾದ್ದರಿಂದ, ಪಾಪ, ಅವರಿಗೆ ಅಲ್ಲಿಯ ಸಾರಿನ ರುಚಿ ಸಿಕ್ಕಿರಲಾರದು. 1800ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕನನ್ ಸಾಹೇಬನು ಈ ಬಯಲುಸೀಮೆಯ ಬೆಳೆಗಳಲ್ಲಿ ರಾಗಿಗೇ ಅಗ್ರಸ್ಥಾನ ಕೊಟ್ಟು, ಅದರ ಬಿತ್ತನೆ, ಕೊಯಿಲುಗಳನ್ನು ಸಾವಕಾಶವಾಗಿ ವರ್ಣಿಸಿದ್ದಾನೆ. ಅದನ್ನು ಬಯಸಿ ಉಂಡನೆಂದು ಬರೆದುದು ನನ್ನ ಕಣ್ಣಿಗೆ ಬಿದ್ದಿಲ್ಲ. ಡೇರೆ, ಪರಿವಾರ, ಸರ್ಕಾರಿ ಆಜ್ಞಾಪತ್ರ ಇವುಗಳೊಡನೆ ಸಂಚರಿಸುವವನಿಗೆ ಎಷ್ಟೋ ಸಂಗತಿಗಳು ತಿಳಿಯುತ್ತವೆ, ಬಸ್ಸಾರು ತಿಳಿಯುವುದಿಲ್ಲ.

ನನಗೆ ತಿಳಿದದ್ದು 1983ರ ಜನವರಿಯಲ್ಲಿ. ರಾಜ್ಯದಲ್ಲಿ ಮೊಟ್ಟಮೊದಲು ಕಾಂಗ್ರೆಸ್ಸೇತರ ಸರ್ಕಾರವನ್ನು ತಂದ ವಿಧಾನಸಭೆಯ ಚುನಾವಣೆ ಅದು. ಅದರ ಐತಿಹಾಸಿಕ ಮಹತ್ತ್ವದ ಬಗ್ಗೆ ಪಂಡಿತರು ಬರೆದಿರುವುದನ್ನೆಲ್ಲ ನಾನು ಗೌರವದಿಂದ ಓದಿದ್ದೇನೆ, ಆದರೆ ಓದುವಾಗಲೆಲ್ಲ ನನ್ನ ಮೂಗಿಗೆ ಅವರೆಕಾಯಿಯ ಸೊಗಡು ಬರುತ್ತದೆ. ಸರ್ಜಾಪುರದಿಂದ ಮುಗಳೂರಿನ ಕಡೆಗೆ, ದಕ್ಷಿಣ ಪಿನಾಕಿನಿಯ ದಿಕ್ಕಿಗೆ ಹೋಗುವ ಹಾದಿಯ ಒಂದು ಹಳ್ಳಿಯ ಶಾಲೆ ನಮ್ಮ ಮತಗಟ್ಟೆ. ಮತದಾನದ ಹಿಂದಿನ ಸಂಜೆ ಮತಪೆಟ್ಟಿಗೆ, ಅರಗು, ಶಾಯಿ, ಲಾಂದ್ರಗಳ ಸಮೇತ ನಮ್ಮನ್ನು ಲಾರಿಯಿಂದ ಇಳಿಸಿ ಹೋದರು. ಊರಿನ ಯಾವ ಪಕ್ಷದವರ ಆತಿಥ್ಯವನ್ನೂ ಸ್ವೀಕರಿಸಕೂಡದೆಂದು ನಮಗೆ ಮೊದಲೇ ಕಟ್ಟಪ್ಪಣೆಯಾಗಿತ್ತು. ವಿಚಾರಿಸಲಾಗಿ, ಊರಿನಲ್ಲಿ ಅಡುಗೆಮನೆಯಿದ್ದವರೆಲ್ಲ ಯಾವುದಾದರೊಂದು ಪಕ್ಷಕ್ಕೆ ಸೇರಿದವರೇ ಆಗಿದ್ದರು. ಸರ್ಜಾಪುರದ ಹೋಟೆಲಿನಿಂದ ಬರಬೇಕಾಗಿದ್ದ ಅನ್ನದ ಡಬ್ಬಿಯು ಕತ್ತಲಾದರೂ ಬರಲಿಲ್ಲ; ಇಂದಿನವರೆಗೂ ಬಂದಿಲ್ಲ.

ಕುಡಿಯುವ ನೀರಿಗೆಂದು ಶಾಲೆಯ ಹಿಂದಿನ ಮನೆಗೆ ಹೋದೆ. ಅದು ನಮ್ಮ ಸಹಾಯಕ್ಕೆ ನೇಮಿಸಿದ್ದ ಗ್ರಾಮ ಸಹಾಯಕನ ಮನೆ. ಊರಿನವರು ಹಳೆಯ ರೂಢಿಯಂತೆ ಅವನನ್ನು ಇನ್ನೂ ತೋಟಿಯೆಂದೇ ಕರೆಯುತ್ತಿದ್ದರು. ಜಗಲಿಯ ಮೇಲೆ ಬುಡ್ಡಿದೀಪದ ಸುತ್ತ ಅವನ ಮುದಿತಾಯಿ, ಹೆಂಡತಿ, ಎರಡು ಮಕ್ಕಳು ಕುಳಿತು, ಬೆಳಗಿನಿಂದ ನೀರಿನಲ್ಲಿ ನೆನೆದಿದ್ದ ಅವರೆಕಾಳನ್ನು ಹಿದುಕುತ್ತಿದ್ದರು. ಹಸಿ ಅವರೆಯನ್ನು ಹೊಲದಿಂದ ಇಬ್ಬನಿಯೊಡನೆ ಕಿತ್ತು ತಂದು, ಸುಲಿದು, ನೆನೆಹಾಕಿ, ಆ ಮೇಲೆ ಒಂದೊಂದೇ ಕಾಳನ್ನು ಹೆಬ್ಬೆರಳು ತೋರುಬೆರಳುಗಳ ನಡುವೆ ಹಿಡಿದು ಒತ್ತಿದರೆ, ಸಿಪ್ಪೆ ಬೆರಳಿನಲ್ಲಿ ಉಳಿದು ಬೇಳೆ ಬಟ್ಟಲಿಗೆ ಹಾರುತ್ತದೆ. ಆರು ಜನರ ಮನೆಯ ಒಂದು ಹೊತ್ತಿನ ಸಾರಿಗೆ ಬೇಕಾಗುವ ಕಾಳುಗಳ ಸಂಖ್ಯೆಯನ್ನು ಯೋಚಿಸಿದರೆ, ಅವಸರವೆಂಬ ಪದಾರ್ಥವನ್ನು ಕಂಡರಿಯದ ಮನುಷ್ಯರು ಮಾತ್ರ ಈ ಅಡುಗೆಯನ್ನು ಕಲ್ಪಿಸಿರಬೇಕೆಂದು ತೋರುತ್ತದೆ. ನೀರು ಕೇಳಲು ಹೋದವನು ನೀರಿನ ವಿಷಯವನ್ನು ಮರೆತು ಅಲ್ಲಿಯೇ ಕುಳಿತುಬಿಟ್ಟೆ. ಸುಮ್ಮನೆ ಕೂರುವುದು ಸಭ್ಯತೆಯಲ್ಲವೆಂದು ನಾನೂ ಒಂದು ಹಿಡಿ ಕಾಳನ್ನು ತೆಗೆದುಕೊಂಡೆ. ನಾನು ಒತ್ತಿದ ಮೊದಲ ಕಾಳು ಮಿಡತೆಯಂತೆ ನೆಗೆದು ದೀಪವನ್ನು ದಾಟಿ ಅಜ್ಜಿಯ ಮಡಿಲಿಗೆ ಬಿತ್ತು. ಮಕ್ಕಳು ನಕ್ಕವು. “ಹಿಂಗಲ್ಲ ಸಾಮಿ, ಅಂಗೈ ಮರೆ ಮಾಡ್ಕಂಡು ಒತ್ಬೇಕು” ಎಂದು ಅಜ್ಜಿ ತೋರಿಸಿಕೊಟ್ಟಳು. ಇಪ್ಪತ್ತು ಮತಪತ್ರಗಳನ್ನು ಮಡಿಸುವಷ್ಟು ಹೊತ್ತಿನಲ್ಲಿ ನನ್ನ ಪಾಲಿನ ಬೇಳೆ ಬಟ್ಟಲಿನ ತಳವನ್ನೂ ಮುಚ್ಚಿರಲಿಲ್ಲ. ಆ ಮಕ್ಕಳ ಮುಂದೆ ನನ್ನ ಬಿ.ಎ., ಬಿ.ಎಡ್. ಪದವಿಗಳೆಲ್ಲ ಜೊಳ್ಳೆಂದು ನಿರ್ಧಾರವಾಯಿತು.

“ಊಟಕ್ಕೆ ಏನ್ ಮಾಡ್ಕಂಡಿದೀರಾ ಸಾಮಿ?” ಎಂದು ಆ ಗೃಹಿಣಿ ಕೇಳಿದಳು. ಏನೂ ಇಲ್ಲವೆಂದೆ. ಅವಳು ಅತ್ತೆಯ ಮುಖ ನೋಡಿದಳು. ಅತ್ತೆ ಮಗನ ಮುಖ ನೋಡಿದಳು. ಆ ಮೇಲೆ ಆ ವಾಕ್ಯ ಬಂತು: “ಗೊತ್ತಿದ್ದಿದ್ರೆ ಏನಾದ್ರೂ ಮಾಡ್ತಿದ್ವಿ ಸಾಮಿ.” ಬೇರೆಲ್ಲೆಡೆ ಆ ಮಾತಿಗಿರುವ ಅರ್ಥದ ಜೊತೆಗೆ ಅಲ್ಲಿ ಇನ್ನೊಂದು ಇತ್ತು. ಗೊತ್ತಿದ್ದರೆ ಮೇಲಿನ ಬೀದಿಯ ಯಾವುದಾದರೂ ಮನೆಯಿಂದ ನಿಮಗೆ ಊಟ ತರಿಸುತ್ತಿದ್ದೆವು, ನಮ್ಮ ಮನೆಯದನ್ನು ನೀವು ಉಣ್ಣುತ್ತೀರೋ ಇಲ್ಲವೋ ಎಂಬುದು ಅದರ ತಾತ್ಪರ್ಯ. ಉಣ್ಣುತ್ತೇನೆಂದು ನಾನು ತತ್‌ಕ್ಷಣ ಹೇಳಿದುದನ್ನು ಸಮಾಜಸುಧಾರಣೆಯ ಲೆಕ್ಕಕ್ಕೆ ಯಾರಾದರೂ ಬರೆದುಕೊಂಡರೆ ಅದು ಅನ್ಯಾಯವಾದೀತು. ಒಳಗೆ ಆಗಲೇ ಖಾರ ಅರೆಯುವ ಕಲ್ಲಿನ ಸದ್ದು ಎದ್ದು, ಬೆಳ್ಳುಳ್ಳಿ, ಕೊತ್ತಂಬರಿಗಳ ಘಾಟು ಜಗಲಿಗೆ ಬಂದು ಮುಟ್ಟಿತ್ತು. ಅಂಥ ಸಮಯದಲ್ಲಿ ಸಿದ್ಧಾಂತಗಳಿಗೆ ಮನುಷ್ಯನಲ್ಲಿ ಎಡೆಯೇ ಇರುವುದಿಲ್ಲ. ನಮ್ಮ ಮತಗಟ್ಟೆಯ ಅಧ್ಯಕ್ಷಾಧಿಕಾರಿಗಳು ಮಾತ್ರ ಆ ದಿನ ತಮಗೆ ಒಪ್ಪೊತ್ತೆಂದು ಹೇಳಿ, ಚೀಲದಿಂದ ಎರಡು ಬಾಳೆಯಹಣ್ಣು ತೆಗೆದುಕೊಂಡು ಗೋಡೆಯ ಕಡೆ ಮುಖಮಾಡಿದರು.

ತೊಗರಿಯ ಕಡ್ಡಿಯ ಉರಿ, ಮೂರು ಕಲ್ಲಿನ ಒಲೆ. ಎಸರು ಮರಳುತ್ತಿದ್ದ ಮಡಕೆಗೆ ರಾಗಿಯ ಹಿಟ್ಟು ಬಿತ್ತು. ಕವೆಗೋಲಿನಿಂದ ಮಡಕೆಯನ್ನು ಒತ್ತಿಹಿಡಿದು ಅವಳು ಹಿಟ್ಟನ್ನು ತೊಳಸಿದ ರಭಸಕ್ಕೆ ಕೈಬಳೆಗಳೆಲ್ಲ ಮೊಳಕೈಯವರೆಗೆ ಹಿಂದೆ ಸರಿದವು. ನೀರು ಸವರಿದ ಮರದ ಹಲಗೆಯ ಮೇಲೆ ಕಟ್ಟಿದ ಮುದ್ದೆ, ಅದರ ಪಕ್ಕದಲ್ಲಿ ಹಿದುಕಿದ ಬೇಳೆಯ ಸಾರು, ಒಂದು ಚಿಟಿಕೆ ಹುಚ್ಚೆಳ್ಳಿನ ಪುಡಿ. ಆ ತಟ್ಟೆಯಲ್ಲಿದ್ದುದೆಲ್ಲವೂ ಒಂದೇ ಹೊಲದಿಂದ ಬಂದಿತ್ತು. ರಾಗಿಯ ನಡುವೆ ಅಕ್ಕಡಿಯ ಸಾಲುಗಳಲ್ಲಿ ಅವರೆ, ತೊಗರಿ, ಹುಚ್ಚೆಳ್ಳುಗಳನ್ನು ಬಿತ್ತುವುದು ಅಲ್ಲಿಯ ಪದ್ಧತಿ. ಕಾರ್ತಿಕದ ಸುಮಾರಿಗೆ ಆ ಹಾದಿಯಲ್ಲಿ ಹೋದರೆ ಹುಚ್ಚೆಳ್ಳಿನ ಹಳದಿ ಹೂವು ಹೊಲಕ್ಕೆಲ್ಲ ಅಂಚು ಕಟ್ಟಿರುತ್ತಿತ್ತು. ಅಕ್ಕಿಯ ಮನೆಯಲ್ಲಿ ಹುಟ್ಟಿ ಬೆಳೆದ ನಾನು ಮುದ್ದೆಯನ್ನು ಅಗಿಯಲು ಯತ್ನಿಸಿ ಆ ಮಕ್ಕಳಿಗೆ ಒದಗಿಸಿದ ವಿನೋದವನ್ನು ವಿಸ್ತರಿಸುವುದಿಲ್ಲ. ನಡುರಾತ್ರಿಯ ಸುಮಾರಿಗೆ, ಶಾಲೆಯ ಕತ್ತಲಲ್ಲಿ, ಅಧ್ಯಕ್ಷಾಧಿಕಾರಿಗಳ ಧ್ವನಿ ಮೆಲ್ಲನೆ ಕೇಳಿಸಿತು: “ಮೇಷ್ಟ್ರೇ, ಆ ಸಾರು ಸ್ವಲ್ಪವೇನಾದರೂ ಮಿಕ್ಕಿತ್ತೇ?”

ರಾಗಿಯನ್ನು ಅವರು ‘ಇಂಡಾಫು’ ಎಂದು ಹೆಮ್ಮೆಯಿಂದ ಹೇಳಿದರು. ಮಂಡ್ಯದ ವಿ.ಸಿ. ಫಾರಂನಲ್ಲಿ, ರಾಗಿ ಲಕ್ಷ್ಮಣಯ್ಯನವರೆಂದೇ ಜನ ಕರೆದ ಸಿ. ಎಚ್. ಲಕ್ಷ್ಮಣಯ್ಯನವರು ನಮ್ಮ ರಾಗಿಗೂ ಆಫ್ರಿಕಾದ ರಾಗಿಗೂ ಸಂಬಂಧ ಬೆಳೆಸಿ ಪಡೆದ ತಳಿ ಅದು. ಆದರೆ ನಮ್ಮ ರಾಗಿಯ ತವರೂ ಆಫ್ರಿಕಾದ ಎತ್ತರದ ಸೀಮೆಯೇ. ಸಾವಿರಾರು ವರ್ಷಗಳ ಹಿಂದೆ ಕಡಲು ದಾಟಿ ಬಂದು ನೆಲೆಸಿದ ಹೆಣ್ಣಿಗೆ ತವರಿನಿಂದಲೇ ಮತ್ತೆ ಗಂಡು ತಂದರೆಂದಾಯಿತು. ಮೆಣಸಿನಕಾಯಿಯೂ ಟೊಮ್ಯಾಟೊವೂ ಅಮೆರಿಕದಿಂದ ಹಡಗು ಹತ್ತಿ ಬಂದವು. ತೊಗರಿಯೊಂದು ಈ ನೆಲದ್ದೇ ಎಂದು ಎದೆ ತಟ್ಟಿ ಹೇಳಿಕೊಳ್ಳಬಹುದೋ ಏನೋ. ಹೀಗೆ ನೋಡಿದರೆ ಆ ರಾತ್ರಿ ಆ ತಟ್ಟೆಯ ಸುತ್ತಮುತ್ತ ಪ್ರಯಾಣದ ಅನುಭವ ತೀರ ಕಡಮೆಯಿದ್ದವನು ನಾನೇ.

ಆ ಮನೆಯ ಋಣ ಅಲ್ಲಿಗೆ ತೀರಲಿಲ್ಲ. ಆನೇಕಲ್ಲಿಗೆ ಯಾವುದೋ ಕೆಲಸದ ಮೇಲೆ ಬಂದಿದ್ದ ಒಂದು ಶ್ರಾವಣದಲ್ಲಿ, ಮನಸ್ಸು ತಡೆಯದೆ ಆ ಹಳ್ಳಿಗೆ ಹೋಗಿ ನಿಂತೆ. ಅವರಿಗೆ ಗೊತ್ತಿರಲಿಲ್ಲ, ದೇವರು ದೊಡ್ಡವನು. ಸೊಸೆ ರಾಗಿಯ ಹೊಲದಲ್ಲಿ ಕಳೆ ಕೀಳುತ್ತಿದ್ದವಳು ಮಡಿಲು ತುಂಬ ಸೊಪ್ಪು ಕಟ್ಟಿಕೊಂಡು ಬಂದಳು. ಅಣ್ಣೆಸೊಪ್ಪು, ಗೋಣಿಸೊಪ್ಪು, ಕನ್ನೆಸೊಪ್ಪು, ಹೊನಗನ್ನೆ, ಗಣಿಕೆ, ಹಿತ್ತಲಿನ ನುಗ್ಗೆಯ ಒಂದಿಷ್ಟು ಚಿಗುರು. ವ್ಯವಸಾಯದ ಪುಸ್ತಕಗಳಲ್ಲಿ ಇವುಗಳಲ್ಲಿ ಅರ್ಧಕ್ಕೆ ಕಳೆಯೆಂದೇ ಹೆಸರು, ನಿರ್ಮೂಲಮಾಡುವ ಉಪಾಯಗಳೂ ಅಲ್ಲಿಯೇ ಇವೆ. ಆ ಮನೆಯಲ್ಲಿ ಅದಕ್ಕೆ ಬೆರಕೆ ಸೊಪ್ಪೆಂದು ಹೆಸರು. ನಿರ್ಮೂಲಮಾಡುವ ಉಪಾಯವೂ ಒಂದಿತ್ತು, ಅದು ಬಸ್ಸಾರು. ಕಾಳನ್ನೂ ಸೊಪ್ಪನ್ನೂ ಒಟ್ಟಿಗೆ ಬೇಯಿಸಿ, ಬೆಂದ ನೀರನ್ನು ಬಸಿದು, ಆ ಕಟ್ಟಿಗೆ ಹುಣಿಸೆ, ಖಾರ ಅರೆದುಹಾಕಿ ಕುದಿಸಿದರೆ ಸಾರು. ಮಡಕೆಯಲ್ಲಿ ಉಳಿದುದಕ್ಕೆ ಒಗ್ಗರಣೆ ಕೊಟ್ಟರೆ ಪಲ್ಯ. ಏನನ್ನೂ ಚೆಲ್ಲದೆ ಒಂದರಿಂದ ಎರಡನ್ನು ಪಡೆಯುವ ಈ ವಿದ್ಯೆ, ಹದಿನಾರನೆಯ ಶತಮಾನದಲ್ಲಿ ಕನ್ನಡದಲ್ಲಿ ‘ಸೂಪಶಾಸ್ತ್ರ’ವನ್ನು ಬರೆದ ಮಂಗರಸನಿಗೂ ಮೆಚ್ಚಿಕೆಯಾಗುತ್ತಿತ್ತೆಂದು ನಾನು ಊಹಿಸುತ್ತೇನೆ, ಆದರೆ ಅವನೂ ಅರಸುಮನೆತನದವನು, ಅವನು ಬರುವುದು ಗೊತ್ತಾದರೆ ಆ ಮನೆಯವರು ಮಡಿಲಿನ ಸೊಪ್ಪನ್ನು ಹಸುವಿಗೆ ಹಾಕಿಬಿಡುತ್ತಿದ್ದರು.

ಈ ವಾಕ್ಯದ ವ್ಯಾಪ್ತಿ ಎಷ್ಟೆಂಬುದನ್ನು ನಾನು ಊರೂರಿನಲ್ಲಿ ಪರೀಕ್ಷಿಸಿದ್ದೇನೆ. ಗದಗಿನ ಬಳಿಯ ಒಂದು ಮನೆಯಲ್ಲಿ ಬಿಸಿ ಜೋಳದ ರೊಟ್ಟಿ, ಹಸಿ ಹಕ್ಕರಿಕೆ, ಶೇಂಗಾ ಹಿಂಡಿಗಳನ್ನು ಇಟ್ಟು, “ಮೊದಲ ಹೇಳಿದ್ರ ಏನರ ಮಾಡತಿದ್ವಿ ನೋಡ್ರಿ, ಬರೇ ರೊಟ್ಟಿ ಆತು” ಎಂದರು. ಶಿರಸಿಯ ಸೀಮೆಯ ಅಡಕೆತೋಟದ ಮನೆಯಲ್ಲಿ ಬಚ್ಚಲ ನೀರು ಹರಿಯುವೆಡೆ ಹಬ್ಬಿದ್ದ ಒಂದೆಲಗವನ್ನು ಆಗತಾನೆ ಕಿತ್ತು ಮಾಡಿದ ತಂಬುಳಿಯನ್ನು ಬಡಿಸಿದ ತಾಯಿಗೆ, ತನ್ನ ಮನೆಯಲ್ಲಿ ಅತಿಥಿಗೆ ಕೊಡಲು ಏನೂ ಇಲ್ಲವೆಂಬ ವ್ಯಥೆ. ಕಾಸರಗೋಡಿನ ಕುಂಬಳೆಯ ಸಮೀಪದಲ್ಲಿ, ಗುಜ್ಜೆಯ ಪಲ್ಯವೂ ಮಜ್ಜಿಗೆಹುಳಿಯೂ ಕುಚ್ಚಲಕ್ಕಿಯ ಅನ್ನವೂ ಬಾಳೆಯೆಲೆಯನ್ನು ತುಂಬಿದ್ದರೂ, “ಹೇಳಿ ಬಂದಿದ್ದರೆ ಎಂತಾದರೂ ಮಾಡಬಹುದಿತ್ತು” ಎಂಬ ಮಾತು ತಪ್ಪಲಿಲ್ಲ. ರಾಜ್ಯಗಳ ಗಡಿಯನ್ನು ಬರೆದವರು ಯಾವ ಯಾವುದನ್ನೋ ಆಧಾರವಾಗಿ ತೆಗೆದುಕೊಂಡರಂತೆ. ಈ ವಾಕ್ಯವನ್ನು ಹಿಡಿದು ಹೊರಟಿದ್ದರೆ ಗೆರೆ ಬೇರೆಯೇ ಆಗುತ್ತಿತ್ತು.




ಇನ್ನು, ಗೊತ್ತಾದಾಗ ಆದ ಪರಿಯನ್ನೂ ಹೇಳಬೇಕು. ಆ ಗ್ರಾಮ ಸಹಾಯಕನ ಹಿರಿಯ ಮಗ ಓದಿಕೊಂಡು, ಅತ್ತಿಬೆಲೆಯ ಕಡೆಯ ಕಾರ್ಖಾನೆಯೊಂದರಲ್ಲಿ ಕೆಲಸಕ್ಕೆ ಸೇರಿ, ಹೆಂಚಿನ ಮನೆಯನ್ನು ತಾರಸಿಯ ಮನೆ ಮಾಡಿಸಿದ. ಗೃಹಪ್ರವೇಶಕ್ಕೆ ನಾನು ಹೋಗಲಾಗದೆ ಇದ್ದುದಕ್ಕಾಗಿ, ಮುಂದಿನ ಪುಷ್ಯದಲ್ಲಿ ತಪ್ಪದೆ ಬರಬೇಕೆಂದೂ, ಬರುವ ದಿನವನ್ನು ಕಾಗದ ಬರೆದು ತಿಳಿಸಲೇಬೇಕೆಂದೂ ನನ್ನಿಂದ ಮಾತು ತೆಗೆದುಕೊಂಡಿದ್ದ. ಮಾತಿನಂತೆ ಒಂದು ಕಾರ್ಡು ಹೋಯಿತು, ಅದರ ಹಿಂದೆ ನಾನೂ ಹೋದೆ. ಹೊಸ ಕುರ್ಚಿ, ಮೇಜು, ಮೇಜಿನ ಮೇಲೆ ಹೂವಿನ ಚಿತ್ರದ ಹೊದಿಕೆ. ಪಲಾವು ಬಂತು, ಪೂರಿ ಬಂತು, ಹೂಕೋಸು ಬಂತು, ಶ್ಯಾವಿಗೆಯ ಪಾಯಸವು ಗೋಡಂಬಿಯ ಸಮೇತ ಬಂತು. ಮನೆಯವರೆಲ್ಲರೂ ಸಾಲಾಗಿ ನಿಂತು, ನಾನು ಒಂದೊಂದು ತುತ್ತು ಎತ್ತುವುದನ್ನೂ ಸಂತೋಷದಿಂದ ನೋಡುತ್ತಿದ್ದರು. ಹಿಂಬದಿಯ ಬಾಗಿಲಿನಿಂದ ಬಂದ ಗಾಳಿಯಲ್ಲಿ ಹಿದುಕಿದ ಬೇಳೆಯ ಸಾರಿನ ಪರಿಮಳವಿತ್ತು, ಅದರಲ್ಲಿ ಸಂದೇಹಕ್ಕೆ ಆಸ್ಪದವೇ ಇರಲಿಲ್ಲ. ಲಜ್ಜೆಯನ್ನು ಬಿಟ್ಟು ಕೇಳಿದೆ. ಹಣ್ಣುಹಣ್ಣಾಗಿದ್ದ ಅಜ್ಜಿ ನನ್ನ ಅಜ್ಞಾನಕ್ಕೆ ಕನಿಕರಪಟ್ಟು, “ಅದು ನಮ್ಗೆ ಸಾಮಿ, ನಿಮ್ಗಲ್ಲ” ಎಂದಳು. ಸೊಸೆ ಇನ್ನೆರಡು ಪೂರಿ ಹಾಕಿದಳು. ಹಿಂದೊಮ್ಮೆ ತಮ್ಮ ಮನೆಯದನ್ನು ನಾನು ಉಣ್ಣುತ್ತೇನೋ ಇಲ್ಲವೋ ಎಂದು ಸಂಕೋಚಪಟ್ಟಿದ್ದ ಜನ, ಈಗ ಯಾರ ಹಂಗೂ ಇಲ್ಲದೆ, ಪೇಟೆಯ ಯಾವ ಮನೆಗೂ ಕಡಮೆಯಿಲ್ಲದಂತೆ ಬಡಿಸುತ್ತಿದ್ದಾರೆ. ಅವರ ಆ ಹಿಗ್ಗಿನ ಮುಂದೆ ನನ್ನ ನಾಲಗೆಯ ಚಾಪಲ್ಯಕ್ಕೆ ಏನು ಬೆಲೆ? ಎಲ್ಲವನ್ನೂ ಉಂಡೆ. ಪಾಯಸವನ್ನು ಎರಡನೆಯ ಸಲ ಹಾಕಿಸಿಕೊಂಡೆ. ಆ ಸಾರನ್ನು ಮಾತ್ರ ಇನ್ನೂ ಮರೆತಿಲ್ಲ.

ಈಗ ನಾನು ಸರ್ಜಾಪುರದ ರಸ್ತೆಯವನೇ. ಮಗನ ಉದ್ಯೋಗದ ನಿಮಿತ್ತ ಬಹುಮಹಡಿಯ ವಸತಿಯೊಂದರಲ್ಲಿ ನಮ್ಮ ವಾಸ. ವಿಪ್ರೋ ಸಂಸ್ಥೆಯ ಪ್ರಧಾನ ಕಚೇರಿ ದೊಡ್ಡಕನ್ನೆಲ್ಲಿಯಲ್ಲಿದೆ. ಸರ್ಜಾಪುರದ ಆಚೆ ಬೂರುಗುಂಟೆಯಲ್ಲಿ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯವೇ ಬಂದು ನೆಲೆಸಿದೆ. ಕೋರಮಂಗಲದಲ್ಲಿ ಮುಗಿಯುತ್ತಿದ್ದ ನಗರ ಈಗ ಎಲ್ಲಿ ಮುಗಿಯುತ್ತದೆಂದು ಕೇಳಿದರೆ ಬಸ್ಸಿನ ಕಂಡಕ್ಟರನೂ ಯೋಚಿಸುತ್ತಾನೆ. ವಿಶ್ವಸಂಸ್ಥೆಯವರು 2023ನ್ನು ಸಿರಿಧಾನ್ಯಗಳ ವರ್ಷವೆಂದು ಸಾರಿದಾಗಿನಿಂದ ನಮ್ಮ ಗೇಟಿನೆದುರಿನ ದೊಡ್ಡ ಅಂಗಡಿಯಲ್ಲಿ ರಾಗಿಗೂ ಗಾಜಿನ ಭರಣಿಯ ಯೋಗ ಬಂದಿದೆ. ನಾನು ಅದನ್ನು ಕಂಡಾಗಲೆಲ್ಲ, ಹಳೆಯ ಪರಿಚಯದವನು ಉನ್ನತಾಧಿಕಾರಿಯಾದಾಗ ಮಾತನಾಡಿಸಲು ಆಗುವಷ್ಟೇ ಸಂಕೋಚಪಡುತ್ತೇನೆ. ಆದರೂ ಮಾರ್ಗಶಿರದಿಂದ ಶಿವರಾತ್ರಿಯವರೆಗೆ ದೊಮ್ಮಸಂದ್ರದ ರಸ್ತೆಯ ಬದಿಯಲ್ಲಿ ಗೋಣಿಯ ತಾಟು ಹಾಸಿ ಅವರೆಕಾಯಿ ಸುರಿದುಕೊಂಡು ಕೂರುವವರು ಈಗಲೂ ಇದ್ದಾರೆ.

ಅಂಥ ಒಂದು ರಾಶಿಯ ಮುಂದೆ ನಮ್ಮ ಎದುರುಮನೆಯ ವೃದ್ಧಮಾತೆಯನ್ನು ಕಂಡೆ. ಬಂಗಾಳದವರು, ಮಗ ಸೊಸೆಯರ ಬಳಿ ಚಳಿಗಾಲ ಕಳೆಯಲು ಬರ್ದ್ವಾನಿನ ಕಡೆಯಿಂದ ಬಂದವರು. ನಾವೆಲ್ಲರೂ ಕಾಳು ತುಂಬಿದ ಬಲಿತ ಕಾಯಿಗಳನ್ನು ಆರಿಸುತ್ತ ಪಕ್ಕಕ್ಕೆ ತಳ್ಳುತ್ತಿದ್ದ ಎಳೆಗಾಯಿಗಳನ್ನೇ ಆಕೆ ಒಂದೊಂದಾಗಿ ಹೆಕ್ಕಿ ಚೀಲಕ್ಕೆ ಹಾಕಿಕೊಳ್ಳುತ್ತಿದ್ದರು. “ಅದ್ರಲ್ಲಿ ಕಾಳೇ ಇಲ್ಲ ಕಣಮ್ಮ” ಎಂದು ಮಾರುವವಳು ಕನ್ನಡದಲ್ಲಿ ಧರ್ಮಸಂಕಟ ತೋಡಿಕೊಂಡಳು; ಆಕೆ ಬಂಗಾಳಿಯಲ್ಲಿ ಏನೋ ಸಮಾಧಾನ ಹೇಳಿ ಮತ್ತೆ ಹೆಕ್ಕತೊಡಗಿದರು. ಮರುದಿನ ಯಾವುದೋ ಕಾಗದಕ್ಕೆ ಆ ಹುಡುಗನ ರುಜು ಬೇಕಾಗಿ ಮಧ್ಯಾಹ್ನದ ಹೊತ್ತಿಗೆ ಎದುರುಮನೆಯ ಕರೆಗಂಟೆ ಒತ್ತಿದೆ. ಊಟಕ್ಕೆ ಕುಳಿತಿದ್ದರು. ಬೇಡವೆಂದರೂ ಕೇಳದೆ ಒಂದು ತಟ್ಟೆ ಇಟ್ಟು ಕೂರಿಸಿದರು: ಬಿಸಿ ಅನ್ನ, ನಾರು ತೆಗೆದು ಇಡಿಯಾಗಿ ಬೇಯಿಸಿ ಅರೆದ ಸಾಸಿವೆಯಲ್ಲಿ ಹೊರಳಿಸಿದ ಅವರೆಯ ಎಳೆಗಾಯಿ. ಅವರಲ್ಲಿ ಅದಕ್ಕೆ ಶಿಮ್ ಎಂದು ಹೆಸರಂತೆ. ಹಿತ್ತಲಿನ ಚಪ್ಪರದ ಮೇಲೆ ಹಬ್ಬಿಸುತ್ತಾರಂತೆ. ಸಾಸಿವೆ ಮೂಗಿಗೆ ಏರಿ ಕಣ್ಣಲ್ಲಿ ನೀರು ಬಂತು. ಆ ನೀರಿನ ಮರೆಯಲ್ಲಿಯೂ ಅದೇ ಸೊಗಡನ್ನು ನಾಲಗೆ ಗುರುತು ಹಿಡಿಯಿತು. ಅಷ್ಟರಲ್ಲಿ ಆ ತಾಯಿ ಸೆರಗನ್ನು ಸರಿಪಡಿಸಿಕೊಳ್ಳುತ್ತ ನನ್ನ ಕಡೆ ನೋಡಿ ಏನೋ ಹೇಳಿದರು. ಮಗ ಅದನ್ನು ಇಂಗ್ಲಿಷಿಗೆ ತಿರುಗಿಸಲು ಬಾಯಿ ತೆರೆದ. ಬೇಡವಪ್ಪ, ಗೊತ್ತಾಯಿತು ಎಂದೆ.

ಅಂದಿನಿಂದ ಎರಡು ಮನೆಗಳ ನಡುವೆ ಬಟ್ಟಲುಗಳ ಸಂಚಾರ ಆರಂಭವಾಗಿದೆ. ಅದರೊಡನೆ ಒಂದು ವ್ಯಾಜ್ಯವೂ ಹುಟ್ಟಿಕೊಂಡಿದೆ. ಸಿಪ್ಪೆಯ ಸಮೇತ ಕಾಯನ್ನು ತಿನ್ನುವುದು ದನಗಳ ಪಾಲನ್ನು ಕಸಿದುಕೊಂಡಂತೆ ಎಂದು ನನ್ನ ಹೆಂಡತಿಯ ಅಭಿಪ್ರಾಯ. ಕಾಯಿಯ ಸಿಪ್ಪೆಯನ್ನು ಎಸೆದದ್ದು ಸಾಲದೆ, ಕಾಳಿಗೂ ಒಂದು ಸಿಪ್ಪೆಯನ್ನು ಕಂಡುಹಿಡಿದು, ಮಧ್ಯಾಹ್ನವೆಲ್ಲ ಕುಳಿತು ಅದನ್ನೂ ಒತ್ತಿ ತೆಗೆದು ಎಸೆಯುವ ಜನರ ಬುದ್ಧಿಯ ಬಗ್ಗೆ ಆ ತಾಯಿಗೆ ತೀವ್ರವಾದ ಸಂಶಯ. ಇಬ್ಬರಿಗೂ ಪರಸ್ಪರರ ಭಾಷೆ ಬಾರದಿರುವುದರಿಂದ ವಾದ ಕೈಸನ್ನೆಯಲ್ಲಿ ನಡೆಯುತ್ತದೆ. ಹಾಗಾಗಿ ಮುಗಿಯುವುದೂ ಇಲ್ಲ. ನಡುವೆ ಇಬ್ಬರೂ ನನ್ನ ಕಡೆ ತಿರುಗಿ ತೀರ್ಪು ಕೇಳುತ್ತಾರೆ. ಕನಕದಾಸರ ‘ರಾಮಧಾನ್ಯಚರಿತೆ’ಯಲ್ಲಿ ಭತ್ತಕ್ಕೂ ರಾಗಿಗೂ ತಾನು ಹೆಚ್ಚು ತಾನು ಹೆಚ್ಚೆಂದು ಜಗಳ ಬಂದಾಗ, ಸಾಕ್ಷಾತ್ ಶ್ರೀರಾಮಚಂದ್ರನೇ ತೀರ್ಪು ಹೇಳುವ ಆತುರಕ್ಕೆ ಹೋಗದೆ, ಎರಡನ್ನೂ ಆರು ತಿಂಗಳು ಸೆರೆಯಲ್ಲಿಡಿಸಿದನಷ್ಟೆ. ನಾನೂ ಅದೇ ಆರು ತಿಂಗಳ ವಾಯಿದೆಯನ್ನು ಕೇಳಿದ್ದೇನೆ. ಅವರೆಯ ಕಾಲ ಶಿವರಾತ್ರಿಗೆ ಮುಗಿಯುತ್ತದೆ. ಅಷ್ಟರವರೆಗೆ ಎರಡು ಕಡೆಯ ಸಾಕ್ಷ್ಯವನ್ನೂ ದಿನಕ್ಕೊಂದು ಬಟ್ಟಲಿನಂತೆ ಪರಿಶೀಲಿಸುತ್ತಿದ್ದೇನೆ.